ಮೂಳೆ ಕೂಡಿದೆ, ಪಾದದ ಉರಿ ಮಾತ್ರ ಹೋಗಿಲ್ಲ: ಕಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಉಳಿದ ನರನೋವು

ನಿಧಾನನಡಿಗೆ

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ತಿಂಗಳ ಹಿಂದೆ ಮೆಟ್ಟಿಲಿಳಿಯುವಾಗ, ಇನ್ನೂ ಒಂದು ಮೆಟ್ಟಿಲು ಉಳಿದಿರುವುದನ್ನು ಗಮನಿಸದೆ ಕಾಲಿಟ್ಟು ಬಿದ್ದೆ. ಬಲಗಾಲಿನ ಕಣಕಾಲು ಒಳಗೂ ಹೊರಗೂ ಎರಡು ಕಡೆ ಮುರಿದಿತ್ತು. ಹೊರಗಿನ ಮೂಳೆಗೆ ಒಂದು ಪ್ಲೇಟು ಮತ್ತು ಆರು ಸ್ಕ್ರೂ, ಒಳಗಿನದಕ್ಕೆ ಎರಡು ಸ್ಕ್ರೂ ಕೂರಿಸಿದರು. ಆರು ವಾರ ಕಾಲನ್ನು ನೆಲಕ್ಕೆ ಊರದೆ ಇದ್ದೆ. ಆಮೇಲೆ ಎರಡು ಊರುಗೋಲು, ಮತ್ತೆ ಒಂದು, ಹೀಗೆ ಐದನೆಯ ತಿಂಗಳ ಹೊತ್ತಿಗೆ ಆಸರೆಯಿಲ್ಲದೆ ನಡೆಯತೊಡಗಿದೆ. ಎಕ್ಸ್‌ರೇ ನೋಡಿದವರೆಲ್ಲ ಮೂಳೆ ಚೆನ್ನಾಗಿ ಕೂಡಿದೆ ಎನ್ನುತ್ತಾರೆ, ಅದು ನಿಜವೂ ಹೌದು.

ನನ್ನ ತೊಂದರೆ ಮೂಳೆಯದ್ದಲ್ಲ. ಹೊಲಿಗೆಯ ಗುರುತಿನ ಮೇಲ್ತುದಿಯಿಂದ ಹೊರಟು, ಪಾದದ ಮೇಲ್ಭಾಗದಲ್ಲಿ ಹರಡಿ, ನಡುವಿನ ಬೆರಳುಗಳ ತನಕ ಇಳಿಯುವ ಒಂದು ಉರಿಯಿದೆ. ಬೆಳಿಗ್ಗೆ ಅದು ಬರೀ ಜೋಮಿನಂತಿರುತ್ತದೆ. ಸಂಜೆಯಾಗುತ್ತಲೇ ಬೂದಿ ಸರಿಸಿದ ಕೆಂಡದಂತೆ ಎದ್ದು ಬರುತ್ತದೆ. ರಾತ್ರಿ ಹೊದಿಕೆಯ ಅಂಚು ತಾಗಿದರೆ ಸಾಕು, ಕಾಲನ್ನು ಝಾಡಿಸಿ ಎಳೆದುಕೊಳ್ಳುತ್ತೇನೆ. ಫ್ಯಾನಿನ ಗಾಳಿ ನೇರವಾಗಿ ಪಾದಕ್ಕೆ ಬಂದರೂ ಸಹಿಸಲಾಗುವುದಿಲ್ಲ. ವಿಚಿತ್ರವೆಂದರೆ ಅದೇ ಜಾಗವನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದರೆ ಸ್ವಲ್ಪ ಸಮಾಧಾನ. ನಯವಾದ ಸ್ಪರ್ಶ ನೋಯಿಸುತ್ತದೆ, ಒತ್ತಡ ನೋಯಿಸುವುದಿಲ್ಲ ಎಂದು ಹೇಳಿದಾಗ ಮನೆಯವರು ನನ್ನ ಮುಖ ನೋಡಿದ ರೀತಿಯನ್ನು ನಾನಿನ್ನೂ ಮರೆತಿಲ್ಲ.

ಪರೀಕ್ಷೆಗೆ ಹೋದಾಗಲೆಲ್ಲ ವೈದ್ಯರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಎಲ್ಲವೂ ಸರಿಯಾಗಿದೆ ಎಂದು ಕಳುಹಿಸುತ್ತಾರೆ. ಹಾಗಾಗಿ ಇದೇ ದಾರಿಯಲ್ಲಿ ಹೋಗಿ ಬಂದವರನ್ನು ಕೇಳುತ್ತಿದ್ದೇನೆ. ಹದಿನಾಲ್ಕು ತಿಂಗಳಾದ ಮೇಲೆ ಇದು ಇನ್ನೂ ಕಡಿಮೆಯಾಗುವ ಸಾಧ್ಯತೆಯಿದೆಯೇ, ಅಥವಾ ಇದರ ಜೊತೆಗೇ ಬದುಕುವುದನ್ನು ಕಲಿಯಬೇಕೇ?

ಹಳೇಗಾಯ

ನಿಧಾನನಡಿಗೆ ಅವರೇ, ನಿಮ್ಮ ಪ್ರಶ್ನೆ ಓದುವಾಗ ಐದು ವರ್ಷದ ಹಿಂದಿನ ನನ್ನನ್ನೇ ನೋಡಿದಂತಾಯಿತು. ನನ್ನದು ಎಡಗಾಲು, ಉರಿ ಪಾದದ ಹೊರಮಗ್ಗುಲಿನಲ್ಲಿ ಕಿರುಬೆರಳಿನ ತನಕ. ನಾನು ವೈದ್ಯನಲ್ಲ, ಆದರೆ ಈ ಐದು ವರ್ಷಗಳಲ್ಲಿ ಸಾಕಷ್ಟು ಬಾಗಿಲು ತಟ್ಟಿದ್ದೇನೆ, ತಿಳಿದದ್ದನ್ನು ಬರೆಯುತ್ತೇನೆ.

ಮೊದಲನೆಯದಾಗಿ, ಎಕ್ಸ್‌ರೇಯಲ್ಲಿ ನರ ಕಾಣುವುದಿಲ್ಲ. ಅದರಲ್ಲಿ ಎಲ್ಲ ಸರಿಯಿದೆ ಎಂದರೆ ಮೂಳೆಯೂ ಲೋಹವೂ ಸರಿಯಿವೆ ಎಂದಷ್ಟೇ ಅರ್ಥ. ಕಣಕಾಲನ್ನು ದಾಟಿ ಪಾದಕ್ಕೆ ಐದು ನರಗಳು ಇಳಿಯುತ್ತವೆ, ಒಂದೊಂದಕ್ಕೂ ಚರ್ಮದ ಮೇಲೆ ತನ್ನದೇ ಹೋಬಳಿ ಇದೆ. ಪಾದದ ಮೇಲ್ಭಾಗದ ಬಹುಪಾಲು ಸೂಪರ್‌ಫಿಶಿಯಲ್ ಪೆರೋನಿಯಲ್ ನರದ್ದು. ಹೆಬ್ಬೆರಳು ಮತ್ತು ಎರಡನೆಯ ಬೆರಳಿನ ನಡುವಿನ ಸಂದು ಮಾತ್ರ ಡೀಪ್ ಪೆರೋನಿಯಲ್ ನರದ್ದು. ಹೊರಮಗ್ಗುಲು ಸೂರಲ್ ನರದ್ದು. ಒಳಗಿಣ್ಣಿನ, ಅಂದರೆ ಕಣಕಾಲಿನ ಒಳಬದಿಯ ಉಬ್ಬು ಮೂಳೆಯ, ಸುತ್ತ ಸಫೀನಸ್ ನರ. ಅಂಗಾಲು ಟಿಬಿಯಲ್ ನರದ ಕವಲುಗಳದ್ದು. ನೀವು ಬರೆದಿರುವ ಜಾಗ ಮೊದಲನೆಯದಕ್ಕೆ ಹೊಂದುತ್ತದೆ. ಅದು ಹೊರಗಿಣ್ಣಿನ (ಹೊರಬದಿಯ ಉಬ್ಬು ಮೂಳೆಯ) ತುದಿಯಿಂದ ಸುಮಾರು 10ರಿಂದ 12 ಸೆಂ.ಮೀ. ಮೇಲೆ, ಸ್ನಾಯುವಿನ ಹೊದಿಕೆಯನ್ನು ತೂರಿ ಚರ್ಮದಡಿಗೆ ಬರುತ್ತದೆ. ಎಲ್ಲರಲ್ಲೂ ಒಂದೇ ಜಾಗದಲ್ಲಲ್ಲ, ಅದೇ ತೊಡಕು. ಹೊರಗಿನ ಮೂಳೆಗೆ ಪ್ಲೇಟು ಕೂರಿಸಲು ಕೊಯ್ಯುವ ಗೆರೆಯ ಮೇಲ್ತುದಿ ಇದೇ ಆಸುಪಾಸಿಗೆ ಬರುವುದರಿಂದ, ಎಷ್ಟೇ ಜೋಪಾನ ಮಾಡಿದರೂ ಈ ನರಕ್ಕೆ ಎಳೆತವೋ ಪೆಟ್ಟೋ ಆಗುವುದುಂಟು. ಬಿದ್ದಾಗಲೇ ಕಾಲು ತಿರುಚಿ ನರ ಎಳೆದುಹೋಗಿರುವ ಸಾಧ್ಯತೆಯೂ ಇದೆ. ಆದ್ದರಿಂದ ಯಾರದು ತಪ್ಪು ಎಂದು ಹುಡುಕುವುದರಲ್ಲಿ ನಾನು ಕಳೆದ ಒಂದು ವರ್ಷವನ್ನು ನೀವು ಕಳೆಯಬೇಡಿ.

ಎರಡನೆಯದು ಕಾಲದ ಲೆಕ್ಕ. ನರದ ಗಾಯವನ್ನು ಮೂರು ದರ್ಜೆಯಾಗಿ ವಿಂಗಡಿಸುವ ಪದ್ಧತಿಯನ್ನು ಸೆಡನ್ ಎಂಬ ಬ್ರಿಟಿಷ್ ಶಸ್ತ್ರವೈದ್ಯರು 1943ರಲ್ಲಿ ಕೊಟ್ಟರು, ಇಂದಿಗೂ ಅದು ಬಳಕೆಯಲ್ಲಿದೆ. ನರ ಬರೀ ಜಜ್ಜಿ ಮಂಕಾಗಿದ್ದರೆ ಕೆಲವು ವಾರಗಳಿಂದ ಸುಮಾರು ಮೂರು ತಿಂಗಳೊಳಗೆ ಚೇತರಿಸಿಕೊಳ್ಳುತ್ತದೆ. ಒಳಗಿನ ಎಳೆಗಳು ತುಂಡಾಗಿ ಹೊರಗಿನ ಕವಚ ಉಳಿದಿದ್ದರೆ, ಎಳೆಗಳು ಆ ಕವಚದೊಳಗೇ ದಿನಕ್ಕೆ ಸುಮಾರು 1 ಮಿ.ಮೀ. ವೇಗದಲ್ಲಿ ಮತ್ತೆ ಬೆಳೆಯುತ್ತವೆ. ನಿಮ್ಮ ಹೊಲಿಗೆಯ ಮೇಲ್ತುದಿಯಿಂದ ಬೆರಳಿನ ತುದಿಗೆ 30 ಸೆಂ.ಮೀ. ಎಂದಿಟ್ಟುಕೊಂಡರೆ 300 ದಿನ, ಅದಕ್ಕೆ ಆರಂಭದಲ್ಲಿ ಸುಮ್ಮನೆ ಕಳೆದುಹೋಗುವ ಕೆಲವು ವಾರ ಸೇರಿಸಿ. ಹಾಗಾಗಿ ಹದಿನಾಲ್ಕು ತಿಂಗಳು ಎನ್ನುವುದು ಮೂಳೆಗೆ ಬಹಳ ದೀರ್ಘ ಕಾಲ, ನರಕ್ಕೆ ಅಷ್ಟೇನೂ ಅಲ್ಲ. ಮೂರನೆಯ ದರ್ಜೆಯಲ್ಲಿ ಕವಚವೂ ಕಡಿದಿರುತ್ತದೆ. ಬೆಳೆಯಲು ಹೊರಟ ಎಳೆಗಳು ದಾರಿ ಸಿಗದೆ ಅಲ್ಲೇ ಸಿಕ್ಕುಗಟ್ಟಿ ನ್ಯೂರೋಮಾ ಎಂಬ ಗಂಟಾಗಬಹುದು. ಅದು ಕಾದರೆ ಕರಗುವ ಗಂಟಲ್ಲ.

ನರ ಬೆಳೆಯುತ್ತಿದೆಯೋ, ಅಲ್ಲೇ ಸಿಕ್ಕಿಕೊಂಡಿದೆಯೋ ಎಂದು ತಿಳಿಯಲು ಸುಲಭದ ಒಂದು ಸುಳಿವಿದೆ. 1915ರಲ್ಲಿ ಫ್ರಾನ್ಸಿನ ಟಿನೆಲ್ ಮತ್ತು ಜರ್ಮನಿಯ ಹಾಫ್‌ಮನ್ ಬೇರೆಬೇರೆಯಾಗಿ ವಿವರಿಸಿದ ಪರೀಕ್ಷೆಯದು. ನರದ ದಾರಿಯಗುಂಟ ಬೆರಳ ತುದಿಯಿಂದ ಮೆಲ್ಲಗೆ ತಟ್ಟುತ್ತ ಹೋದಾಗ ಒಂದು ಕಡೆ ಶಾಕ್ ಹೊಡೆದಂತೆ ಚುಳುಕು ಕೆಳಗೆ ಹರಿಯುತ್ತದೆ. ತಿಂಗಳಿಂದ ತಿಂಗಳಿಗೆ ಆ ಬಿಂದು ಬೆರಳುಗಳ ಕಡೆ ಜಾರುತ್ತಿದ್ದರೆ ನರ ಬೆಳೆಯುತ್ತಿದೆ ಎಂದರ್ಥ. ಅಲ್ಲೇ ಬೇರೂರಿ ಕುಳಿತಿದ್ದರೆ ನರ ಗಾಯದ ಗಟ್ಟಿ ಅಂಗಾಂಶದಲ್ಲಿ ಸಿಕ್ಕಿರಬಹುದು, ಇಲ್ಲವೇ ಗಂಟಾಗಿರಬಹುದು. ಹೊರಗಿಣ್ಣಿನ ತುದಿಯಿಂದ ಅಳತೆ ಪಟ್ಟಿ ಹಿಡಿದು, ಬಿಂದು ಎಷ್ಟು ಸೆಂ.ಮೀ. ಮೇಲಿದೆ ಎಂದು ದಿನಾಂಕದ ಜೊತೆ ಬರೆದಿಡಿ. ದಿನವೂ ತಟ್ಟಬೇಡಿ, ತಿಂಗಳಿಗೊಮ್ಮೆ ಸಾಕು. ನಾನು ದಿನಕ್ಕೆ ಹತ್ತು ಸಲ ತಟ್ಟಿ ನೋಡಿ ಉರಿಯನ್ನು ಹೆಚ್ಚಿಸಿಕೊಂಡವನು.

ಗಟ್ಟಿಜೀವ

ಇಷ್ಟೊಂದು ಲೆಕ್ಕಾಚಾರ ಬೇಕೇ ಎಂದು ನನಗನಿಸುತ್ತದೆ. ನನಗೂ ಪ್ಲೇಟು ಹಾಕಿದ್ದರು, ಒಂದು ವರ್ಷ ಜೋಮು ಹಿಡಿಯುತ್ತಿತ್ತು. ನರಕ್ಕೆ ಬಲ ಬರಲೆಂದು ಬಿ-ಕಾಂಪ್ಲೆಕ್ಸ್ ಮಾತ್ರೆಯನ್ನು ಎರಡೆರಡು ನುಂಗಿ, ಅದರ ಕಡೆ ಗಮನ ಕೊಡುವುದನ್ನು ಬಿಟ್ಟೆ, ತಾನಾಗಿ ಹೋಯಿತು. ಅತಿಯಾಗಿ ಯೋಚಿಸಿದರೆ ನೋವು ಹೆಚ್ಚುತ್ತದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಕೈಚಿಕಿತ್ಸೆ

ನಾನು ಫಿಸಿಯೋಥೆರಪಿಸ್ಟ್. ಗಟ್ಟಿಜೀವ ಅವರ ಜೋಮು ಹೋದದ್ದು ಸಂತೋಷದ ವಿಷಯ. ಆದರೆ ಬಹುಶಃ ಅವರ ನರ ಹಗುರ ದರ್ಜೆಯ ಪೆಟ್ಟಿನದು, ಅದು ಹೇಗಿದ್ದರೂ ಹೋಗುತ್ತಿತ್ತು. ಬಿ12 ಕೊರತೆಯಿದ್ದವರಿಗೆ ಬಿ12 ಖಂಡಿತ ಬೇಕು, ಆದ್ದರಿಂದ ರಕ್ತಪರೀಕ್ಷೆಯಲ್ಲಿ ಅದನ್ನೂ ಸಕ್ಕರೆ ಮತ್ತು ಥೈರಾಯ್ಡ್ ಪ್ರಮಾಣವನ್ನೂ ನೋಡಿಸಿಕೊಳ್ಳುವುದು ಒಳ್ಳೆಯದು. ಬಿ6 ಹಾಗಲ್ಲ, ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ತೆಗೆದುಕೊಂಡರೆ ಅದೇ ನರಗಳನ್ನು ಹಾಳುಮಾಡಿ ಪಾದದಲ್ಲಿ ಜೋಮು ತರುತ್ತದೆ. ಎರಡೆರಡು ನುಂಗುವ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ.

ನಿಧಾನನಡಿಗೆ ಅವರು ಬರೆದಿರುವ, ಹೊದಿಕೆ ತಾಗಿದರೆ ನೋವು, ಒತ್ತಿದರೆ ಸಮಾಧಾನ ಎಂಬ ಲಕ್ಷಣ ನರನೋವಿನಲ್ಲಿ ನಾವು ಆಗಾಗ ಕಾಣುವಂಥದ್ದು, ಅದರಲ್ಲಿ ನಾಟಕವೇನೂ ಇಲ್ಲ. ಗಾಯಗೊಂಡ ನರ ಸತತವಾಗಿ ಸುಳ್ಳು ಸುದ್ದಿ ಕಳುಹಿಸುತ್ತಿದ್ದರೆ, ಅದನ್ನು ಕೇಳುವ ಬೆನ್ನುಹುರಿ ಕಿವಿಯನ್ನು ಇನ್ನಷ್ಟು ಚುರುಕು ಮಾಡಿಕೊಳ್ಳುತ್ತದೆ. ಕೊನೆಗೆ ಬಟ್ಟೆಯ ಸ್ಪರ್ಶದ ಸುದ್ದಿಯೂ ಅದಕ್ಕೆ ಬೆಂಕಿಯ ಸುದ್ದಿಯಾಗಿಯೇ ಕೇಳಿಸುತ್ತದೆ. ಒತ್ತಿದಾಗ ಸಮಾಧಾನವಾಗುವುದಕ್ಕೆ 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಮಂಡಿಸಿದ ದ್ವಾರ ಸಿದ್ಧಾಂತದಿಂದ ಒಂದು ವಿವರಣೆ ಸಿಗುತ್ತದೆ: ಒತ್ತಡದ ಸುದ್ದಿಯನ್ನು ಒಯ್ಯುವ ದಪ್ಪ ಎಳೆಗಳು ಕೆಲಸ ಮಾಡತೊಡಗಿದರೆ, ಉರಿಯ ಸುದ್ದಿಯನ್ನು ನಿಧಾನವಾಗಿ ತರುವ ತೆಳು ಎಳೆಗಳಿಗೆ ಬೆನ್ನುಹುರಿಯಲ್ಲಿ ಬಾಗಿಲು ಅರ್ಧ ಮುಚ್ಚುತ್ತದೆ.

ಆ ಚುರುಕು ಕಿವಿಯನ್ನು ಮತ್ತೆ ಹದಕ್ಕೆ ತರುವುದೇ ನಮ್ಮ ಕೆಲಸ. ಮೊದಲು ನೋವಿಲ್ಲದ ಎಡಪಾದದ ಮೇಲೆ ರೇಷ್ಮೆ ಬಟ್ಟೆಯನ್ನು ಸವರಿ, ಅದು ಹೇಗನಿಸುತ್ತದೆ ಎಂದು ಗಮನವಿಟ್ಟು ನೋಡಿ. ನಂತರ ಬಲಗಾಲಿನಲ್ಲಿ ಉರಿಯ ಜಾಗದ ಹೊರಗಿನ ಅಂಚಿನಿಂದ ಆರಂಭಿಸಿ ಅದೇ ಬಟ್ಟೆಯನ್ನು ಎರಡು ನಿಮಿಷ ಸವರಿ. ಕಣ್ಣು ಕಾಲಿನ ಮೇಲೇ ಇರಲಿ. ಟಿವಿ ನೋಡುತ್ತ ಮಾಡಿದರೆ ಅರ್ಧ ಪ್ರಯೋಜನ ಹೋಯಿತು. ದಿನಕ್ಕೆ ನಾಲ್ಕೈದು ಸಲ. ರೇಷ್ಮೆ ಸಹಿಸುವಂತಾದ ಮೇಲೆ ಹತ್ತಿ, ಆಮೇಲೆ ಒರಟು ಟವೆಲ್. ಮಾಡಿದ ಮೇಲೆ ಹೆಚ್ಚಿದ ಉರಿ ಅರ್ಧ ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ನೀವು ಅವಸರ ಮಾಡಿದ್ದೀರಿ, ಹಿಂದಿನ ಬಟ್ಟೆಗೆ ಮರಳಿ. ಇದು ನಾನು ರೋಗಿಗಳಿಗೆ ಹೇಳುವ ಅಳತೆ.

ನಡಿಗೆಯಲ್ಲೂ ಇದೇ ಲೆಕ್ಕ. ಚೆನ್ನಾಗಿರುವ ದಿನ ಒಂದು ಗಂಟೆ ನಡೆದು ಮುಂದಿನ ಎರಡು ದಿನ ಮಲಗುವ ಅಭ್ಯಾಸ ಬಹಳ ಮಂದಿಗಿದೆ. ಉರಿ ಏಳುವ ಮೊದಲೇ ನಿಲ್ಲಿಸುವಷ್ಟು ನಿಮಿಷ ಎಷ್ಟೆಂದು ಕಂಡುಕೊಂಡು, ಒಳ್ಳೆಯ ದಿನವೂ ಕೆಟ್ಟ ದಿನವೂ ಅಷ್ಟೇ ನಡೆಯಿರಿ. ವಾರಕ್ಕೊಮ್ಮೆ ಒಂದೆರಡು ನಿಮಿಷ ಸೇರಿಸಿ. ಇನ್ನು ಶೂ ಲೇಸು. ಪಾದದ ಮೇಲ್ಭಾಗದಲ್ಲಿ ಉರಿ ಇರುವ ಕಡೆಯ ಎರಡು ತೂತುಗಳಲ್ಲಿ ಲೇಸನ್ನು ಅಡ್ಡ ಹಾಯಿಸದೆ ಪಕ್ಕದಲ್ಲೇ ನೇರವಾಗಿ ಮೇಲಕ್ಕೆ ತೆಗೆದುಕೊಂಡು ಹೋಗಿ. ಕಾಲುಚೀಲವನ್ನು ಒಳಹೊರಗು ಮಾಡಿ ತೊಟ್ಟರೆ ಹೊಲಿಗೆಯ ದಡಿ ಚರ್ಮಕ್ಕೆ ತಾಗುವುದಿಲ್ಲ. ಸಣ್ಣ ವಿಷಯಗಳಂತೆ ಕಾಣುತ್ತವೆ, ಆದರೆ ಒಂದು ಲೇಸು ಸರಿಮಾಡಿದ್ದಕ್ಕೆ ಕಣ್ಣೀರು ಹಾಕಿದವರನ್ನು ನಾನು ನೋಡಿದ್ದೇನೆ.

ಒಂದು ಎಚ್ಚರಿಕೆ: ಮರಗಟ್ಟಿದ ಪಾದವನ್ನು ಬಿಸಿನೀರಿಗೆ ಇಳಿಸುವ ಮೊದಲು ಮೊಣಕೈಯಿಂದ ಬಿಸಿ ನೋಡಿ. ಸುಟ್ಟದ್ದು ಗೊತ್ತೇ ಆಗದೆ ಬೊಬ್ಬೆ ಎದ್ದ ಮೇಲೆ ಬಂದವರಿದ್ದಾರೆ.

ನಿಧಾನನಡಿಗೆ

ತುಂಬ ಧನ್ಯವಾದಗಳು. ಇವತ್ತು ಅಳತೆ ಪಟ್ಟಿ ಹಿಡಿದು ನೋಡಿದೆ. ಚುಳುಕು ಹೊಡೆಯುವ ಬಿಂದು ಹೊರಗಿಣ್ಣಿನ ತುದಿಯಿಂದ 9 ಸೆಂ.ಮೀ. ಮೇಲೆ, ಸರಿಯಾಗಿ ಹೊಲಿಗೆಯ ಮೇಲ್ತುದಿಯಲ್ಲಿದೆ.

ಮಾತ್ರೆಗಳ ಬಗ್ಗೆಯೂ ಕೇಳಬೇಕಿತ್ತು. ಸಾಮಾನ್ಯ ನೋವಿನ ಮಾತ್ರೆಯಿಂದ ಏನೂ ಆಗಲಿಲ್ಲ. ಎರಡು ತಿಂಗಳ ಹಿಂದೆ ಪ್ರಿಗ್ಯಾಬಲಿನ್ ಎಂಬ ನರನೋವಿನ ಮಾತ್ರೆ ಬರೆದುಕೊಟ್ಟರು. ಉರಿ ಸ್ವಲ್ಪ ತಗ್ಗಿತು, ಆದರೆ ಬೆಳಿಗ್ಗೆ ತಲೆ ಮಂಕು, ಎರಡೂ ಪಾದಗಳಲ್ಲಿ ಊತ. ಒಂದೆರಡು ವಾರದ ಹಿಂದೆ ಬೇಸತ್ತು ಒಮ್ಮೆಲೇ ನಿಲ್ಲಿಸಿದೆ. ಮೂರು ರಾತ್ರಿ ನಿದ್ದೆಯೇ ಬರಲಿಲ್ಲ, ಮೈಯೆಲ್ಲ ಬೆವರು. ಮತ್ತೆ ಶುರುಮಾಡಿದ್ದೇನೆ. ಇದು ಚಟವಾಗಿಬಿಟ್ಟಿತೇ ಎಂಬ ಭಯ ಕಾಡುತ್ತಿದೆ.

ಔಷಧದಕಪಾಟು

ಔಷಧ ವಿತರಣೆಯ ಕೆಲಸದಲ್ಲಿರುವವನು ನಾನು. ಭಯ ಬೇಡ, ಆದರೆ ಒಮ್ಮೆಲೇ ನಿಲ್ಲಿಸಿದ್ದು ತಪ್ಪು. ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ನರನೋವಿಗೆ ಕೊಡುವ ಇವು ಯಾವುದನ್ನೂ ತಟ್ಟನೆ ಬಿಡಬಾರದು. ವೈದ್ಯರು ಹೇಳಿದ ಹಂತಗಳಲ್ಲಿ ಇಳಿಸುತ್ತ ಬರಬೇಕು. ನಿದ್ದೆಗೇಡು, ಬೆವರು ಇವೆಲ್ಲ ಆ ಅವಸರದ ಫಲ.

ಎರಡೂ ಪಾದಗಳ ಊತ ಪ್ರಿಗ್ಯಾಬಲಿನ್‌ನ ಪರಿಚಿತ ಅಡ್ಡ ಪರಿಣಾಮ. ಶಸ್ತ್ರಚಿಕಿತ್ಸೆಯಾದ ಕಣಕಾಲಿರುವವರಿಗೆ ಇದು ದೊಡ್ಡ ಗೊಂದಲ ತರುತ್ತದೆ, ಏಕೆಂದರೆ ಊತ ಕಂಡಾಗ ಕಾಲೇ ಕೆಟ್ಟಿತೆಂದು ಅವರು ಭಾವಿಸುತ್ತಾರೆ. ವೈದ್ಯರಿಗೆ ಇದನ್ನು ತಿಳಿಸಿ. ಪ್ರಮಾಣ ಇಳಿಸಬಹುದು ಅಥವಾ ಬೇರೆ ಔಷಧಕ್ಕೆ ಬದಲಿಸಬಹುದು. ಆದರೆ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅಂಥ ಊತವನ್ನು ಅಂದೇ ತೋರಿಸಬೇಕು.

ಈ ಔಷಧಗಳಿಂದ ಎಷ್ಟು ನಿರೀಕ್ಷಿಸಬಹುದು ಎಂಬುದನ್ನು ಬಿಚ್ಚಿ ಹೇಳುವವರು ಕಡಿಮೆ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಮರ್ಶೆಯ ಪ್ರಕಾರ, ಪ್ರಿಗ್ಯಾಬಲಿನ್ ಅಥವಾ ಗ್ಯಾಬಪೆಂಟಿನ್ ತೆಗೆದುಕೊಂಡ ಏಳೆಂಟು ಮಂದಿಯಲ್ಲಿ ಒಬ್ಬರಿಗೆ, ಹುಸಿಮಾತ್ರೆಯಿಂದ ಸಿಗುವುದನ್ನು ಕಳೆದ ಮೇಲೂ, ನೋವು ಹೆಚ್ಚುಕಡಿಮೆ ಅರ್ಧದಷ್ಟು ಇಳಿಯುತ್ತದೆ. ಅಮಿಟ್ರಿಪ್ಟಿಲಿನ್ ಗುಂಪಿನಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ. ಆದ್ದರಿಂದ ಒಂದು ಔಷಧ ಹಿಡಿಸಲಿಲ್ಲವೆಂದರೆ ನಿಮ್ಮ ಹಣೆಬರಹ ಕೆಟ್ಟದ್ದೆಂದಲ್ಲ, ಹಿಡಿಸದಿರುವುದೇ ಹೆಚ್ಚು ಸಾಮಾನ್ಯ. ಸರಿಯಾದ ಪ್ರಮಾಣದಲ್ಲಿ ಕೆಲವು ವಾರ ನೋಡಿ, ಮುಂದಿನದಕ್ಕೆ ಹೋಗುತ್ತಾರೆ. ಅಂಗೈಯಷ್ಟು ಜಾಗದ ಉರಿಗೆ ಲಿಡೊಕೇಯ್ನ್ ಎಂಬ ಅರಿವಳಿಕೆ ಔಷಧದ, ಚರ್ಮಕ್ಕೆ ಅಂಟಿಸುವ ಪಟ್ಟಿಯನ್ನೂ ಕೇಳಿ ನೋಡಬಹುದು. ಅದರ ಪ್ರಭಾವ ಬಹುಮಟ್ಟಿಗೆ ಚರ್ಮದಲ್ಲೇ ಉಳಿಯುವುದರಿಂದ ತಲೆ ಮಂಕಾಗುವುದಿಲ್ಲ. ತಲೆ ಮಂಕಾಗಿರುವ ತನಕ ವಾಹನ ಓಡಿಸಬೇಡಿ. ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆ ಮನೆಯಲ್ಲಿದ್ದರೆ ಕೇಳದೆ ಇದರ ಜೊತೆ ಸೇರಿಸಬೇಡಿ, ಉಸಿರಾಟ ಕುಗ್ಗುವ ಅಪಾಯವಿದೆ.

ಎರಡನೆಯಊರುಗೋಲು

ಒಂದು ವಿಷಯವನ್ನು ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನ್ನ ಉರಿ ಒಂದು ನರದ ಹೋಬಳಿಯೊಳಗೆ ನಿಲ್ಲಲಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೂರನೆಯ ವಾರ ಕಾಲುಚೀಲ ತೊಟ್ಟ ಹಾಗೆ ಇಡೀ ಪಾದಕ್ಕೆ ಹರಡಿತು. ಒಮ್ಮೆ ಕಡುಕೆಂಪು, ಒಮ್ಮೆ ನೇರಳೆ. ಮುಟ್ಟಿದರೆ ಇನ್ನೊಂದು ಪಾದಕ್ಕಿಂತ ತಣ್ಣಗೆ. ಬೆವರು, ಊತ, ಉಗುರು ವಿಪರೀತ ಬೆಳೆಯುವುದು, ಬೆರಳು ಮಡಚಲಾಗದಿರುವುದು. ಇದು ಸಿ.ಆರ್.ಪಿ.ಎಸ್. (ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್) ಎಂಬ ಬೇರೆಯೇ ಸ್ಥಿತಿ. ಬುಡಾಪೆಸ್ಟ್ ಮಾನದಂಡ ಎಂಬುದನ್ನು ಹಿಡಿದು ಲಕ್ಷಣಗಳನ್ನು ನೋಡಿಯೇ ಗುರುತಿಸುತ್ತಾರೆ, ಒಂದೇ ರಕ್ತಪರೀಕ್ಷೆಯಲ್ಲಿ ತಿಳಿಯುವಂಥದ್ದಲ್ಲ.

ನೋವೆಂದು ಕಾಲನ್ನು ದಿಂಬಿನ ಮೇಲಿಟ್ಟು ಎರಡು ತಿಂಗಳು ಅಲುಗಾಡಿಸದಿದ್ದುದೇ ನಾನು ಮಾಡಿದ ದೊಡ್ಡ ತಪ್ಪು. ಆಮೇಲೆ ಕನ್ನಡಿ ಚಿಕಿತ್ಸೆ ಮಾಡಿಸಿದರು. ಎರಡು ಕಾಲಿನ ನಡುವೆ ಕನ್ನಡಿ ನಿಲ್ಲಿಸಿ, ನೋವಿನ ಕಾಲನ್ನು ಅದರ ಹಿಂದೆ ಮರೆಮಾಡಿ, ಒಳ್ಳೆಯ ಕಾಲನ್ನು ಆಡಿಸುತ್ತ ಅದರ ಪ್ರತಿಬಿಂಬ ನೋಡಬೇಕು. ಕಡಿದುಹೋದ ಕೈಯಲ್ಲಿ ನೋವು ಕಾಣುವವರಿಗಾಗಿ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಪರಿಚಯಿಸಿದ ಉಪಾಯವಿದು. ಮೊದಲ ದಿನ ಮಕ್ಕಳಾಟವೆನಿಸಿತು. ನಾಲ್ಕನೆಯ ದಿನ ಕನ್ನಡಿಯಲ್ಲಿ ಕಾಣುವ ಪಾದದ ಬೆರಳುಗಳು ನೋವಿಲ್ಲದೆ ಮಡಚುವುದನ್ನು ನೋಡುತ್ತಿದ್ದಾಗ, ಹಿಂದಿದ್ದ ಕಾಲಿನ ಬಿಗಿತ ಸಡಿಲವಾದದ್ದು ನನಗೇ ಗೊತ್ತಾಯಿತು. ಎಲ್ಲರಿಗೂ ಹಾಗಾಗುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ನಿಧಾನನಡಿಗೆ ಅವರಿಗೆ ಬಣ್ಣ, ಬಿಸಿ-ತಂಪಿನ ವ್ಯತ್ಯಾಸ ಕಾಣುತ್ತಿದ್ದರೆ ತಡಮಾಡದೆ ನೋವು ನಿವಾರಣಾ ತಜ್ಞರನ್ನು ಕಾಣಲಿ.

ಹಳೇಗಾಯ

ಒಳ್ಳೆಯ ಮಾತು. ನಿಧಾನನಡಿಗೆ ಅವರೇ, ತಜ್ಞರನ್ನು ಕಾಣುವಾಗ ನೋವಿದೆ ಎಂದಷ್ಟೇ ಹೇಳಬೇಡಿ. ಉರಿಯ ಜಾಗದ ಅಂಚನ್ನು ಪೆನ್ನಿನಿಂದ ಪಾದದ ಮೇಲೆಯೇ ಬರೆದು, ಫೋಟೋ ತೆಗೆದುಕೊಂಡು ಹೋಗಿ. ನನ್ನ ಮೂರು ವರ್ಷದ ಮಾತಿನಿಂದ ಆಗದ್ದು ಆ ಒಂದು ಫೋಟೋದಿಂದ ಆಯಿತು. ನರದಲ್ಲಿ ಸಂದೇಶ ಹರಿಯುವುದನ್ನು ಅಳೆಯುವ ನರ್ವ್ ಕಂಡಕ್ಷನ್ ಪರೀಕ್ಷೆ ಸಹಜವೆಂದು ಬಂದರೂ ಎದೆಗುಂದಬೇಡಿ. ಅದು ದಪ್ಪ ಎಳೆಗಳನ್ನು ಅಳೆಯುತ್ತದೆ, ಉರಿಯನ್ನು ಒಯ್ಯುವ ತೆಳು ಎಳೆಗಳು ಅದಕ್ಕೆ ಸಿಗುವುದಿಲ್ಲ.

ನಿಧಾನನಡಿಗೆ

ಎಂಟು ವಾರಗಳ ನಂತರ ಬರೆಯುತ್ತಿದ್ದೇನೆ. ಬಣ್ಣ, ಬಿಸಿ-ತಂಪಿನ ವ್ಯತ್ಯಾಸ ನನ್ನಲ್ಲಿಲ್ಲ. ಬಿಂದುವನ್ನು ಮತ್ತೆ ಎರಡು ಸಲ ಅಳೆದೆ: 9, ಮತ್ತೆ 9. ಒಂದು ಕೂದಲೆಳೆಯೂ ಕದಲಿಲ್ಲ.

ಪೆನ್ನಿನ ಗೆರೆಯ ಫೋಟೋ ಹಿಡಿದು ನೋವು ನಿವಾರಣಾ ತಜ್ಞರ ಬಳಿ ಹೋದೆ. ಅವರು ಎಕ್ಸ್‌ರೇ ಕೇಳಲೇ ಇಲ್ಲ. ಅಲ್ಟ್ರಾಸೌಂಡ್‌ನಲ್ಲಿ ನರವನ್ನು ಹಿಂಬಾಲಿಸಿ, ಹೊಲಿಗೆಯ ತುದಿಯಲ್ಲಿ ಅದು ಗಾಯದ ಅಂಗಾಂಶಕ್ಕೆ ಅಂಟಿ ಉಬ್ಬಿರುವುದನ್ನು ತೋರಿಸಿದರು. ಅಲ್ಲಿಗೆ ಸರಿಯಾಗಿ ಅರಿವಳಿಕೆಯ ಒಂದು ಸಣ್ಣ ಚುಚ್ಚುಮದ್ದು ಕೊಟ್ಟರು. ಇದು ಚಿಕಿತ್ಸೆಯಲ್ಲ, ಪರೀಕ್ಷೆ ಎಂದು ಮೊದಲೇ ತಿಳಿಸಿದ್ದರು: ಉರಿ ಹೋದರೆ ಅದರ ಮೂಲ ಈ ನರವೇ, ಹೋಗದಿದ್ದರೆ ಬೇರೆ ಕಡೆ ಹುಡುಕಬೇಕು.

ಹತ್ತು ನಿಮಿಷದೊಳಗೆ ಉರಿ ಆರಿತು. ಮನೆಗೆ ಬಂದು ಮಂಚದ ಮೇಲೆ ಕುಳಿತು ಹೊದಿಕೆಯನ್ನು ಪಾದದ ಮೇಲೆ ಎಳೆದೆ, ತೆಗೆದೆ, ಮತ್ತೆ ಎಳೆದೆ. ಪಾದ ಮರದ ತುಂಡಿನಂತಿತ್ತು, ಆದರೂ ಹದಿನಾರು ತಿಂಗಳಲ್ಲಿ ಮೊದಲ ಬಾರಿಗೆ ಅದು ಸುಮ್ಮನಿತ್ತು. ಬಾಗಿಲಲ್ಲಿ ನಿಂತಿದ್ದ ಗಂಡ, ಹಾಗಾದರೆ ಅಲ್ಲಿ ನಿಜವಾಗಿಯೂ ಏನೋ ಇತ್ತು ಎಂದರು. ಸುಮಾರು ಐದು ಗಂಟೆಯ ನಂತರ ಮೊದಲು ಜೋಮು, ಆಮೇಲೆ ಉರಿ, ಅದೇ ಕ್ರಮದಲ್ಲಿ ಮರಳಿ ಬಂದವು.

ಈಗ ಪ್ರಿಗ್ಯಾಬಲಿನ್ ಹಂತಹಂತವಾಗಿ ಇಳಿದು ನಿಂತಿದೆ, ಪಾದಗಳ ಊತ ಹೋಗಿದೆ. ರಾತ್ರಿ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್. ಬಾಯಿ ಒಣಗುತ್ತದೆ, ನಿದ್ದೆ ಬರುತ್ತದೆ. ಬಟ್ಟೆ ಸವರುವುದು ಹತ್ತಿಯ ತನಕ ಬಂದಿದೆ, ಟವೆಲ್ ಇನ್ನೂ ಆಗದು. ನಡಿಗೆ ಏಳು ನಿಮಿಷದಿಂದ ಹದಿನೆಂಟಕ್ಕೆ ಏರಿದೆ. ಪ್ಲೇಟು ತೆಗೆಯುವಾಗ ನರವನ್ನೂ ಗಾಯದ ಅಂಗಾಂಶದಿಂದ ಬಿಡಿಸಬಹುದು, ಆದರೆ ಮತ್ತೆ ಕೊಯ್ದರೆ ಮತ್ತೆ ಅಂಟಿಕೊಳ್ಳುವ ಸಂಭವವೂ ಇದೆ ಎಂದು ಶಸ್ತ್ರವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮೂರು ತಿಂಗಳು ಕಾಲಾವಕಾಶ ಕೇಳಿದ್ದೇನೆ. ನರವನ್ನು ಬಿಡಿಸಿಕೊಂಡವರು ಇಲ್ಲಿದ್ದರೆ, ಮರಗಟ್ಟಿದ ಜಾಗ ಮೊದಲಿಗಿಂತ ದೊಡ್ಡದಾಯಿತೇ ಎಂಬುದನ್ನು ದಯವಿಟ್ಟು ತಿಳಿಸಿ. ನನಗೆ ಮರಗಟ್ಟುವುದರ ಹೆದರಿಕೆಯಿಲ್ಲ, ವಾಹನ ಓಡಿಸುವ ಕಾಲು ಅದೆಂಬುದಷ್ಟೇ ಚಿಂತೆ.